ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತಿದೆ. ನಿದ್ದೆಯೂ ಕೆಡುತ್ತಿದೆ, ಓದೂ ಕೆಡುತ್ತಿದೆ

ಬಿಳಿಜೋಳ, ವಿಜಯಪುರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಸ್ನಾತಕೋತ್ತರ ಪದವಿಯ ಎರಡನೆಯ ಸೆಮಿಸ್ಟರ್ ಓದುತ್ತಿರುವ ವಿದ್ಯಾರ್ಥಿನಿ, ವಯಸ್ಸು 22. ಇದನ್ನು ಬರೆಯುವ ಮೊದಲು ನಾಲ್ಕು ದಿನ ಹಿಂದೆಮುಂದೆ ನೋಡಿದೆ. ಜ್ವರ, ತಲೆನೋವು ಬಂದರೆ ನಾವು ನಾಲ್ಕು ಜನರೆದುರು ಹೇಳಿಕೊಳ್ಳುತ್ತೇವೆ, ಆದರೆ ಕಾಲ್ಮಡಿಯ ತೊಂದರೆಯನ್ನು ಅವ್ವನ ಮುಂದೆ ಕೂಡ ಅರ್ಧ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಸುಮಾರು ಎರಡು ತಿಂಗಳಿಂದ ನನಗೆ ಒಂದೇ ಎಳೆಯ ನಿದ್ದೆ ಎಂಬುದಿಲ್ಲ. ರಾತ್ರಿ 11ಕ್ಕೆ ಮಲಗಿದರೆ 1 ಗಂಟೆಗೊಮ್ಮೆ, ಮೂರೂವರೆಗೊಮ್ಮೆ ಎಚ್ಚರವಾಗುತ್ತದೆ. ಕೆಲವು ದಿನ 5 ಗಂಟೆಗೆ ಮತ್ತೆ. ನಮ್ಮ ಕೋಣೆಯಿಂದ ಶೌಚಾಲಯ ಕಾರಿಡಾರಿನ ಆ ತುದಿಯಲ್ಲಿದೆ ಮತ್ತು ಅಲ್ಲಿನ ದೀಪ ಉರಿಯುವುದಿಲ್ಲವಾದ್ದರಿಂದ ಮೊಬೈಲಿನ ಬೆಳಕು ಹಿಡಿದು ಹೋಗುತ್ತೇನೆ. ಕೈಗೆ ಮೊಬೈಲ್ ಬಂದಮೇಲೆ ಸಂದೇಶ ನೋಡದೆ ಮಲಗುವುದೂ ಆಗುವುದಿಲ್ಲ, ಮರಳಿ ಕಣ್ಣು ಮುಚ್ಚುವಷ್ಟರಲ್ಲಿ ಅರ್ಧ ತಾಸು ಕಳೆದಿರುತ್ತದೆ. ಬೆಳಗಿನ ಮೊದಲ ತರಗತಿಯಲ್ಲಿ ಅಧ್ಯಾಪಕರ ಮಾತು ಕಿವಿಗೆ ಬೀಳುತ್ತದೆ, ಆದರೆ ತಲೆಯಲ್ಲಿ ನಿಲ್ಲುವುದಿಲ್ಲ. ಕಳೆದ ಇಂಟರ್ನಲ್ ಪರೀಕ್ಷೆಯಲ್ಲಿ ಮೂರು ಸಲ ಓದಿದ್ದ ಪ್ರಶ್ನೆಗೆ ಅರ್ಧ ಪುಟ ಬರೆದು ಪೆನ್ನು ನಿಂತುಹೋಯಿತು.

ಕೋಣೆಯ ಗೆಳತಿ ಸಕ್ಕರೆ ಕಾಯಿಲೆ ಇರಬಹುದು ಎನ್ನುತ್ತಾಳೆ. ಚಿಕ್ಕಮ್ಮ ಮೈಯಲ್ಲಿ ಉಷ್ಣವಾಗಿದೆ, ಜೀರಿಗೆ ನೀರು ಕುಡಿ ಎನ್ನುತ್ತಾರೆ. ನಾನೇ ಉಪಾಯ ಮಾಡಿ ಮೂರು ದಿನದಿಂದ ಸಂಜೆ 6ರ ನಂತರ ನೀರು ಮುಟ್ಟಿಲ್ಲ. ಬಾಯಿ ಒಣಗುತ್ತದೆ, ನಿನ್ನೆಯಿಂದ ಮೂತ್ರಕ್ಕೆ ಹೋದಾಗ ಉರಿಯೂ ಶುರುವಾಗಿದೆ, ಎಚ್ಚರವಾಗುವುದು ಮಾತ್ರ ತಪ್ಪಿಲ್ಲ. ಈ ವಯಸ್ಸಿನಲ್ಲಿ ಹೀಗಾಗುವುದು ರೋಗವೇ, ರೂಢಿಯೇ? ಯಾರಾದರೂ ಇದನ್ನು ಅನುಭವಿಸಿದ್ದರೆ ದಯವಿಟ್ಟು ತಿಳಿಸಿ.

ರೊಟ್ಟಿಬುತ್ತಿ, ವಿಜಯಪುರ

ಅಕ್ಕಾ, ನೀವು ಒಬ್ಬರೇ ಅಲ್ಲ. ನಮ್ಮ ಪಿಜಿಯಲ್ಲಿ ರಾತ್ರಿ ಒಬ್ಬಳು ಎದ್ದರೆ ಮೂವರನ್ನು ಎಬ್ಬಿಸಿಕೊಂಡು ಹೋಗುತ್ತಾಳೆ, ಏಕೆಂದರೆ ಹಿತ್ತಲಿನ ಕತ್ತಲಿಗೆ ಒಬ್ಬರೇ ಹೋಗಲು ಅಂಜಿಕೆ. ಹೀಗೆ ಒಬ್ಬರ ತೊಂದರೆಗೆ ನಾಲ್ವರ ನಿದ್ದೆ ಮುರಿಯುತ್ತದೆ. ನಾನೂ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಟಿಳಕವಾಡಿ ಹುಡುಗ, ಬೆಳಗಾವಿ

ನಿಮ್ಮ ಗೆಳತಿಯ ಮಾತನ್ನು ತಳ್ಳಿಹಾಕಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ಎಂಜಿನಿಯರಿಂಗ್ ಐದನೆಯ ಸೆಮಿಸ್ಟರಿನಲ್ಲಿ ನಾನು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ, ಪ್ರತಿ ಸಲವೂ ಮೂತ್ರ ಧಾರಾಳವಾಗಿ ಹೋಗುತ್ತಿತ್ತು, ಎದ್ದಾಗಲೆಲ್ಲ ಅರ್ಧ ಬಾಟಲಿ ನೀರು ಕುಡಿದೇ ಮಲಗುತ್ತಿದ್ದೆ. ಊಟ ಹೆಚ್ಚಾಗಿದ್ದರೂ ಒಂದೂವರೆ ತಿಂಗಳಲ್ಲಿ 7 ಕಿಲೋ ತೂಕ ಇಳಿಯಿತು. ಪರೀಕ್ಷೆಯ ಒತ್ತಡವೆಂದು ಮನೆಯವರೂ ನಾನೂ ಸುಮ್ಮನಿದ್ದೆವು. ಒಂದು ಮುಂಜಾನೆ ವಾಂತಿಯಾಗಿ, ಉಸಿರಾಟ ಜೋರಾಗಿ ಆಸ್ಪತ್ರೆಗೆ ಸೇರಿದಾಗ ಟೈಪ್ 1 ಮಧುಮೇಹವೆಂದು ತಿಳಿಯಿತು.

ಆಮೇಲೆ ವೈದ್ಯರು ವಿವರಿಸಿದ್ದು ಹೀಗೆ. ನೂರು ಮಿಲಿ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಕ್ಕೆ ಅದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳಲು ಆಗುವುದಿಲ್ಲ. ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ದಾಹ, ಮೂತ್ರ, ಮತ್ತೆ ದಾಹ. ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ, ರಾತ್ರಿ ಪೂರ್ತಿ ಮಲಗುತ್ತೇನೆ, ಓದೂ ಸರಿಯಾಗಿ ನಡೆದಿದೆ. ನಿಮ್ಮದು ಅದೇ ಎಂದು ಹೇಳುತ್ತಿಲ್ಲ. ಆದರೆ ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಒಂದು ಬೆಳಗು ಸಾಕು. ನಾನು ಆ ಒಂದು ಬೆಳಗನ್ನು ಒಂದೂವರೆ ತಿಂಗಳು ಮುಂದೂಡಿದೆ.

ನಿವೃತ್ತ ವೈದ್ಯೆ, ವಿಜಯಪುರ

ತಂಗಿ, ಮೊದಲು ಉರಿಯ ಮಾತು. ಉರಿ ಇದ್ದಮೇಲೆ ನಾಳೆಯೇ ಮೂತ್ರ ಪರೀಕ್ಷೆ ಮಾಡಿಸಿ, ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಹತ್ತಿರದ ಆರೋಗ್ಯ ಕೇಂದ್ರದಲ್ಲಾಗಲಿ ಎರಡೂ ಆಗುತ್ತವೆ. ಹೆಣ್ಣುಮಕ್ಕಳ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರದು ಸುಮಾರು 20. ದಾರಿ ಚಿಕ್ಕದಾದ್ದರಿಂದ ಸೋಂಕು ನಮ್ಮ ಮೂತ್ರಕೋಶಕ್ಕೆ ಬೇಗ ತಲುಪುತ್ತದೆ, ನೀರು ಕಡಿಮೆ ಕುಡಿದು ಗಂಟೆಗಟ್ಟಲೆ ಕಟ್ಟಿಕೊಂಡು ಕುಳಿತಾಗ ಅಲ್ಲಿಯೇ ಬೆಳೆಯುತ್ತದೆ. ನೀರು ಬಿಟ್ಟ ನಿಮ್ಮ ಉಪಾಯವನ್ನು ಈ ಕ್ಷಣಕ್ಕೆ ನಿಲ್ಲಿಸಿ. ಉರಿಯ ಜೊತೆ ಚಳಿಜ್ವರ ಅಥವಾ ಪಕ್ಕೆಯ ಹಿಂಭಾಗದ ನೋವು ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಆಗ ಒಂದು ದಿನವೂ ಕಾಯುವಂತಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಿದ್ದೆಯ ನಡುವೆ ಮೂತ್ರಕ್ಕಾಗಿ ಏಳುವುದನ್ನು ವೈದ್ಯರು ನಾಕ್ಟೂರಿಯಾ ಎನ್ನುತ್ತಾರೆ. ಒಮ್ಮೆ ಎದ್ದರೂ ಆ ಹೆಸರು ಸಲ್ಲುತ್ತದೆ, ಆದರೆ ಅಪರೂಪಕ್ಕೊಮ್ಮೆ ಏಳುವುದಕ್ಕೆ ಯಾರೂ ಚಿಂತಿಸಬೇಕಿಲ್ಲ. ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಸಲ ಆದಾಗ ಜನ ಬಳಲುತ್ತಾರೆ. ಇದು ವಯಸ್ಸಾದವರಲ್ಲಿ ಬಹಳ ಸಾಮಾನ್ಯ, ಆದ್ದರಿಂದಲೇ ಹುಡುಗ ಹುಡುಗಿಯರು ಹೇಳಿದಾಗ ಮನೆಯವರು ನಂಬುವುದಿಲ್ಲ.

ಆರೋಗ್ಯವಂತ ಯುವ ದೇಹ ರಾತ್ರಿಗಾಗಿ ತನ್ನದೇ ಏರ್ಪಾಡು ಮಾಡಿಕೊಂಡಿರುತ್ತದೆ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನು ರಾತ್ರಿ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ, ಅದರ ಅಪ್ಪಣೆಯಂತೆ ಮೂತ್ರಪಿಂಡಗಳು ನೀರನ್ನು ಉಳಿಸಿಕೊಂಡು ಗಟ್ಟಿಯಾದ, ಕಡಿಮೆ ಪ್ರಮಾಣದ ಮೂತ್ರವನ್ನು ತಯಾರಿಸುತ್ತವೆ. ವಯಸ್ಕರ ಮೂತ್ರಕೋಶದಲ್ಲಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಈ ಎರಡೂ ಸರಿಯಿದ್ದರೆ ಏಳು ತಾಸು ನಿದ್ದೆ ಮಾಡಬಹುದು. ಹಾಗಾಗದೆ ಎಚ್ಚರವಾಗುತ್ತಿದ್ದರೆ ನಾನು ಕೇಳುವ ಪ್ರಶ್ನೆಗಳು ಕೆಲವೇ: ದಿನವಿಡೀ ಮೂತ್ರದ ಒಟ್ಟು ಪ್ರಮಾಣವೇ ಹೆಚ್ಚಿದೆಯೇ, ರಾತ್ರಿಯ ಪಾಲು ಮಾತ್ರ ಹೆಚ್ಚಿದೆಯೇ, ಅಥವಾ ಮೂತ್ರಕೋಶ ಸ್ವಲ್ಪ ತುಂಬುವಷ್ಟರಲ್ಲೇ ಅವಸರ ಮಾಡುತ್ತಿದೆಯೇ? ಇವುಗಳಲ್ಲಿ ಯಾವುದೂ ಇಲ್ಲದೆ, ಬೇರೆ ಕಾರಣಕ್ಕೆ ನಿದ್ದೆ ಒಡೆದು, ಎಚ್ಚರವಾದ ಮೇಲೆ ಮೂತ್ರದ ನೆನಪು ಬರುವುದೂ ಉಂಟು.

ಇದನ್ನು ಊಹಿಸಿ ಹೇಳಲಾಗದು, ಅಳೆಯಬೇಕು. ಒಂದು ಅಳತೆ ಲೋಟ ತಂದುಕೊಳ್ಳಿ. ಮೂರು ದಿನ ಯಾವ ಹೊತ್ತಿಗೆ ಏನು ಎಷ್ಟು ಕುಡಿದಿರಿ, ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತು ಎಂದು ಬರೆದಿಡಿ. ಮಲಗಿದ ಮೇಲಿನದೂ, ಬೆಳಿಗ್ಗೆ ಎದ್ದ ಕೂಡಲೇ ಆಗುವ ಮೊದಲನೆಯದೂ ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ. ಉರಿ ಕಡಿಮೆಯಾದ ಮೇಲೆ ಇದನ್ನು ಮಾಡಿ ಇಲ್ಲಿ ತಿಳಿಸಿ. ಸಂಕೋಚ ಬೇಡ, ನಲವತ್ತು ವರ್ಷ ನಾನು ಕೇಳಿದ್ದು ಇದನ್ನೇ.

ನವನಗರದ ಮೇಷ್ಟ್ರು, ಬಾಗಲಕೋಟೆ

ಡಾಕ್ಟರಮ್ಮನವರು ದೇಹದ ಭಾಗವನ್ನು ಹೇಳಿದರು. ಓದಿನ ಭಾಗದ ಬಗ್ಗೆ ಒಬ್ಬ ಅಧ್ಯಾಪಕನಾಗಿ ನನ್ನ ಮಾತು. ನಿದ್ದೆ ಎಂಬುದು ತಾಸುಗಳ ಒಟ್ಟು ಮೊತ್ತವೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ: ಎರಡು, ಎರಡೂವರೆ, ಎರಡು, ಕೂಡಿಸಿದರೆ ಆರೂವರೆ ಆಯಿತಲ್ಲ ಎನ್ನುತ್ತಾರೆ. ನಿದ್ದೆಗೆ ಅದರದೇ ಓಟವಿದೆ. ಸುಮಾರು 90 ನಿಮಿಷಗಳ ಒಂದೊಂದು ಸುತ್ತಿನಲ್ಲಿ ಅದು ಆಳಕ್ಕಿಳಿದು ಮೇಲೆ ಬರುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲಿ ಬೀಳುತ್ತದೆ. ಕಣ್ಣುಗುಡ್ಡೆಗಳು ಚಲಿಸುವ, ಕನಸುಗಳು ಬರುವ ನಿದ್ದೆಯ ಪಾಲು ಬೆಳಗಿನ ಜಾವಕ್ಕೆ ಹೆಚ್ಚುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಈ ಎರಡನೆಯ ಬಗೆಯನ್ನು 1953ರಲ್ಲಿ ವರದಿ ಮಾಡಿದರು.

ಹಗಲು ಓದಿದ ಸಂಗತಿಗಳು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ತಾತ್ಕಾಲಿಕವಾಗಿ ಕೂಡಿರುತ್ತವೆ ಮತ್ತು ಗಾಢ ನಿದ್ದೆಯಲ್ಲಿ ಅವು ಮರುಕಳಿಸಿ ದೀರ್ಘಕಾಲದ ನೆನಪಾಗಿ ಗಟ್ಟಿಯಾಗುತ್ತವೆ ಎಂಬುದು ನಿದ್ದೆಯ ವಿಜ್ಞಾನದಲ್ಲಿ ಒಪ್ಪಿತವಾದ ವಿಚಾರ. ಹಾಗಾದರೆ 11ಕ್ಕೆ ಮಲಗಿ 1ಕ್ಕೆ ಏಳುವ ವಿದ್ಯಾರ್ಥಿನಿ ಕಳೆದುಕೊಳ್ಳುತ್ತಿರುವುದು ಯಾವ ಹೊತ್ತನ್ನು ಎಂದು ಯೋಚಿಸಿ. ಅದಕ್ಕಾಗಿಯೇ ನಾಕ್ಟೂರಿಯಾ ಕುರಿತು ಅಧ್ಯಯನ ಮಾಡುವವರು ಎಷ್ಟು ಸಲ ಎದ್ದರು ಎಂಬುದರ ಜೊತೆಗೆ, ಮಲಗಿದ ಮೇಲೆ ಮೊದಲನೆಯ ಸಲ ಏಳುವವರೆಗೆ ಎಷ್ಟು ತಾಸು ಸಿಕ್ಕಿತು ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಬೆಳಗಿನ 5ಕ್ಕೆ ಒಮ್ಮೆ ಏಳುವುದೂ 1ಕ್ಕೆ ಒಮ್ಮೆ ಏಳುವುದೂ ಎಣಿಕೆಯಲ್ಲಿ ಒಂದೇ ಆದರೂ ಮರುದಿನದ ತಲೆಗೆ ಒಂದೇ ಅಲ್ಲ.

ನಿಮ್ಮ ಮೊಬೈಲಿನ ವಿಷಯ ನನ್ನನ್ನು ಹೆಚ್ಚು ಕಾಡಿತು. ಏಳುವುದಕ್ಕೆ ಐದು ನಿಮಿಷ, ಮರಳಿ ಮಲಗುವುದಕ್ಕೆ ಅರ್ಧ ತಾಸು ಎಂದಿದ್ದೀರಿ. ಎರಡು ಸಲಕ್ಕೆ ಒಂದು ತಾಸು, ವಾರಕ್ಕೆ ಏಳು ತಾಸು, ಅಂದರೆ ಒಂದು ಪೂರ್ತಿ ರಾತ್ರಿಯ ನಿದ್ದೆ. ಕಣ್ಣಿಗೆ ಬೀಳುವ ಬೆಳಕು ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಒಂದು ಸಣ್ಣ ಬ್ಯಾಟರಿ ದೀಪ ತಂದು ದಿಂಬಿನ ಪಕ್ಕ ಇಟ್ಟುಕೊಳ್ಳಿ, ಮೊಬೈಲನ್ನು ಟ್ರಂಕಿನಲ್ಲಿಡಿ.

ಮುಂಜಾವಿನ ಓದು, ಬಾಗಲಕೋಟೆ

ಸರ್, ನನ್ನದು ಬೇರೆ ಅನುಭವ. ಹಾಸ್ಟೆಲಿನಲ್ಲಿ ನಾವು ಕೆಲವರು ಪರೀಕ್ಷೆಯ ಸಮಯದಲ್ಲಿ ನಸುಕಿನಲ್ಲಿ ಓದಲು ಎಚ್ಚರವಾಗಲೆಂದು ಮಲಗುವ ಮುನ್ನ ಎರಡು ತಂಬಿಗೆ ನೀರು ಬೇಕೆಂದೇ ಕುಡಿಯುತ್ತೇವೆ. ಗಡಿಯಾರದ ಗಂಟೆ ಹೊಡೆದರೆ ಕೈ ಚಾಚಿ ನಿಲ್ಲಿಸಿ ಮಲಗಿಬಿಡುತ್ತೇವೆ, ಹೊಟ್ಟೆಯೊಳಗಿನ ನೀರನ್ನು ಹಾಗೆ ನಿಲ್ಲಿಸಲು ಆಗುವುದಿಲ್ಲ. ನಮ್ಮ ತಂದೆಯವರು ಕೂಡ ಎಸ್ಸೆಸ್ಸೆಲ್ಸಿಗೆ ಹೀಗೆಯೇ ಓದಿದವರು. ಇದರಲ್ಲಿ ತಪ್ಪೇನಿದೆ?

ನವನಗರದ ಮೇಷ್ಟ್ರು, ಬಾಗಲಕೋಟೆ

ತಮ್ಮಾ, ನಿಮ್ಮ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ನಾನೂ ಹೀಗೆ ಮಾಡಿದವನೇ. ಆದರೆ ನೀರು ಗಡಿಯಾರ ನೋಡಿಕೊಂಡು ಕೆಲಸ ಮಾಡುವುದಿಲ್ಲ. ಹೆಚ್ಚಾಗಿ ಕುಡಿದ ನೀರು ಒಂದೆರಡು ತಾಸಿನಲ್ಲೇ ಮೂತ್ರಕೋಶಕ್ಕೆ ಇಳಿಯತೊಡಗುತ್ತದೆ. 11ಕ್ಕೆ ಕುಡಿದರೆ ಎಬ್ಬಿಸುವುದು 1 ಅಥವಾ 2 ಗಂಟೆಗೆ, ಗಾಢ ನಿದ್ದೆಯ ನಡುವೆ. ಆ ಹೊತ್ತಿಗೆ ಎಬ್ಬಿಸಿದ ಮಿದುಳು ಸ್ವಲ್ಪ ಹೊತ್ತು ಮಂಕಾಗಿಯೇ ಇರುತ್ತದೆ, ಪುಸ್ತಕ ತೆರೆದಿದ್ದರೂ ಓದು ನಡೆಯುವುದಿಲ್ಲ. 4 ಗಂಟೆಗೆ ಏಳಬೇಕೆಂದಿದ್ದರೆ 9 ಗಂಟೆಗೆ ಮಲಗುವುದು ಒಂದೇ ದಾರಿ. ಗಡಿಯಾರವನ್ನು ಕೈಗೆಟುಕದಂತೆ ಕೋಣೆಯ ಆ ಮೂಲೆಗಿಡಿ.

ಜಮಖಂಡಿಯ ತಾಯಿ

ಇಲ್ಲಿ ದೊಡ್ಡವರು ಮಾತನಾಡುತ್ತಿರುವುದು ನೋಡಿ ಧೈರ್ಯ ಬಂದು ಕೇಳುತ್ತಿದ್ದೇನೆ. ನನ್ನ ಮಗ ಬೆಳಗಾವಿಯಲ್ಲಿ ಕೋಣೆ ಮಾಡಿಕೊಂಡು ಓದುತ್ತಾನೆ, ಖಾನಾವಳಿಯ ಊಟ. ರಜೆಗೆ ಬಂದಾಗ ರಾತ್ರಿ ಎರಡು ಸಲ ಏಳುವುದನ್ನು ನೋಡಿದೆ. ಚಿಕ್ಕವನಿದ್ದಾಗ ಹತ್ತು ವರ್ಷದವರೆಗೂ ಹಾಸಿಗೆಯಲ್ಲಿ ಒದ್ದೆ ಮಾಡುತ್ತಿದ್ದ, ಆಗ ಬಹಳ ಬೈದಿದ್ದೆ. ಈಗ ಅದು ನೆನಪಾಗಿ ಸಂಕಟವಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಅವನ ಗೆಳೆಯನೊಬ್ಬ ಔಷಧಿ ಅಂಗಡಿಯಲ್ಲಿ ಮೂತ್ರ ನಿಲ್ಲಿಸುವ ಮಾತ್ರೆ ಸಿಗುತ್ತದೆ ಎಂದನಂತೆ. ಕೊಡಿಸಬಹುದೇ?

ನಿವೃತ್ತ ವೈದ್ಯೆ, ವಿಜಯಪುರ

ಅಕ್ಕಾವ್ರೇ, ಆ ಮಾತ್ರೆಯನ್ನು ನೀವಾಗಿ ಕೊಡಿಸಬೇಡಿ. ಗೆಳೆಯ ಹೇಳಿದ್ದು ಡೆಸ್ಮೊಪ್ರೆಸ್ಸಿನ್ ಇರಬಹುದು. ಅದು ವ್ಯಾಸೊಪ್ರೆಸ್ಸಿನ್ ಹಾರ್ಮೋನಿನ ಕೆಲಸವನ್ನೇ ಮಾಡುವ ಔಷಧಿ. ಅದನ್ನು ನುಂಗಿ ಮೇಲೆ ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಕುಸಿದು ಗೊಂದಲ, ಫಿಟ್ಸ್ ಬರುವ ಸಾಧ್ಯತೆಯಿದೆ. ವೈದ್ಯರು ಸೋಡಿಯಂ ಪರೀಕ್ಷೆ ಮಾಡಿಸಿಯೇ ಅದನ್ನು ಕೊಡುತ್ತಾರೆ.

ಬಾಲ್ಯದಲ್ಲಿ ಬಹಳ ವರ್ಷ ಹಾಸಿಗೆ ಒದ್ದೆ ಮಾಡಿದವರಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ರಾತ್ರಿ ಏಳುವ ತೊಂದರೆ ಉಳಿಯುವುದುಂಟು, ಆದ್ದರಿಂದ ಆ ಸಂಗತಿಯನ್ನು ವೈದ್ಯರಿಗೆ ಹೇಳಿ. ಅದು ಮಗನ ಸೋಮಾರಿತನವೂ ಆಗಿರಲಿಲ್ಲ, ನಿಮ್ಮ ತಪ್ಪೂ ಆಗಿರಲಿಲ್ಲ. ಬೈದದ್ದಕ್ಕೆ ಈಗ ಕೊರಗುವ ಬದಲು ಅವನ ಬಳಿ ಒಮ್ಮೆ ಮನಸ್ಸು ಬಿಚ್ಚಿ ಮಾತನಾಡಿದರೆ ಅವನೂ ಹಗುರಾಗುತ್ತಾನೆ. ಗಂಡುಮಕ್ಕಳಲ್ಲಿ ಮೂತ್ರ ಸೋಂಕು ಕಡಿಮೆ. ಉರಿ ಇದ್ದರೆ ಅಥವಾ ಧಾರೆ ಸಣ್ಣಗಾಗಿದ್ದರೆ ತಪ್ಪದೆ ತೋರಿಸಬೇಕು.

ಖಾನಾವಳಿಯ ಊಟ ಎಂದಿರಲ್ಲ, ಅಲ್ಲೊಂದು ಮಾತಿದೆ. ನಾವು ನೀರನ್ನು ಲೆಕ್ಕ ಹಾಕುತ್ತೇವೆ, ಉಪ್ಪನ್ನು ಮರೆಯುತ್ತೇವೆ. ತಿಂದ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೀರು ಬೇಕು. ಸಂಜೆ ಮಿರ್ಚಿ ಭಜಿ, ಚುರುಮುರಿ, ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಖಾರದ ಚಟ್ನಿ ಸೇರಿದರೆ ಆ ಕೆಲಸವೆಲ್ಲ ರಾತ್ರಿಗೇ ಬೀಳುತ್ತದೆ, ದಾಹವೂ ಹೆಚ್ಚುತ್ತದೆ. 2017ರಲ್ಲಿ ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದ ವೈದ್ಯರು ಹೆಚ್ಚು ಉಪ್ಪು ತಿನ್ನುವ, ನಿದ್ದೆಯ ತೊಂದರೆಯಿದ್ದ ರೋಗಿಗಳಿಗೆ ಉಪ್ಪು ಕಡಿಮೆ ಮಾಡಲು ಹೇಳಿ ಪರಿಶೀಲಿಸಿದರು. ದಿನಕ್ಕೆ 10.7 ಗ್ರಾಮಿನಿಂದ 8 ಗ್ರಾಮಿಗೆ ಇಳಿಸಿದ 223 ಜನರಲ್ಲಿ ರಾತ್ರಿ ಏಳುವುದು ಸರಾಸರಿ 2.3ರಿಂದ 1.4 ಸಲಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ. ಜಪಾನಿನ ವೈದ್ಯರು ಪರೀಕ್ಷಿಸಿದ್ದು ವಿದ್ಯಾರ್ಥಿಗಳನ್ನಲ್ಲ, ಆದರೂ ಉಪ್ಪು ಕಡಿಮೆ ಮಾಡಿ ನೋಡುವುದರಿಂದ ಯಾವ ಹುಡುಗನಿಗೂ ನಷ್ಟವಿಲ್ಲ.

ರಾತ್ರಿಪಾಳಿ, ಬೆಳಗಾವಿ

ನಾನು ನರ್ಸಿಂಗ್ ವಿದ್ಯಾರ್ಥಿನಿ. ನಮಗೆ ರಾತ್ರಿಪಾಳಿ ಬಿದ್ದ ವಾರಗಳಲ್ಲಿ ಹಗಲು ಮಲಗಿ ಎರಡು ಸಲ ಮೂತ್ರಕ್ಕೆ ಏಳುತ್ತೇವೆ. ವ್ಯಾಖ್ಯೆಯ ಪ್ರಕಾರ ಲೆಕ್ಕಕ್ಕೆ ಬರುವುದು ಒಬ್ಬರ ಮುಖ್ಯ ನಿದ್ದೆಯ ಅವಧಿ, ಕತ್ತಲೆಯೋ ಬೆಳಕೋ ಎಂಬುದಲ್ಲ ಎಂದು ನಮ್ಮ ಮೇಡಂ ಕಲಿಸಿದ್ದಾರೆ. ಹಾರ್ಮೋನು ಹಳೆಯ ಗಡಿಯಾರದಂತೆಯೇ ನಡೆಯುತ್ತಿರುವುದರಿಂದ ಹಗಲಿನ ನಿದ್ದೆಯಲ್ಲಿ ಮೂತ್ರ ಹೆಚ್ಚು. ಹಾಗೆಯೇ ರಂಜಾನ್ ತಿಂಗಳಲ್ಲಿ ನನ್ನ ರೋಜಾ ಹಿಡಿಯುವ ಗೆಳತಿಯರು ಸಂಜೆಯಿಂದ ನಸುಕಿನ ಸಹರಿ ಊಟದವರೆಗೆ ನೀರು ಕುಡಿಯುವುದರಿಂದ ರಾತ್ರಿ ಏಳುವುದು ಸಹಜ. ಅದನ್ನು ಕಾಯಿಲೆಯೆಂದು ತಿಳಿಯಬೇಕಾಗಿಲ್ಲ, ಆ ತಿಂಗಳ ನಂತರವೂ ಮುಂದುವರಿದರೆ ಮಾತ್ರ ನೋಡಬೇಕು.

ಬಿಳಿಜೋಳ, ವಿಜಯಪುರ (ಹತ್ತು ದಿನಗಳ ನಂತರ)

ಡಾಕ್ಟರಮ್ಮಾ, ನೀವು ಹೇಳಿದಂತೆ ಮರುದಿನವೇ ಹೋದೆ. ಬರಿಹೊಟ್ಟೆಯ ಸಕ್ಕರೆ 88 ಬಂದಿದೆ, ಆ ಅಂಜಿಕೆ ಹೋಯಿತು. ಮೂತ್ರದಲ್ಲಿ ಕೀವಿನ ಕಣಗಳಿದ್ದವು. ಐದು ದಿನಗಳ ಮಾತ್ರೆ ಕೊಟ್ಟರು, ಪೂರ್ತಿ ನುಂಗಿದೆ, ಉರಿ ನಿಂತಿದೆ. ಆದರೆ ರಾತ್ರಿ ಎರಡು ಸಲ ಏಳುವುದು ಹಾಗೆಯೇ ಉಳಿಯಿತು. ಆದ್ದರಿಂದ ಮೂರು ದಿನ ಅಳೆದು ಬರೆದೆ. ಮೂರೂ ದಿನ ಹೆಚ್ಚುಕಡಿಮೆ ಒಂದೇ ರೀತಿ ಬಂದಿದ್ದರಿಂದ ಎರಡನೆಯ ದಿನದ್ದನ್ನು ಇಲ್ಲಿ ಹಾಕುತ್ತೇನೆ.

ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಕುಡಿದದ್ದು ಒಂದು ಚಹಾ ಸೇರಿ 400 ಮಿಲಿ. ಐದೂವರೆಯಿಂದ 11ರವರೆಗೆ ಎರಡು ಚಹಾ, ಒಂದು ದೊಡ್ಡ ಲೋಟ ಮಜ್ಜಿಗೆ, ಉಳಿದದ್ದು ನೀರು, ಎಲ್ಲ ಸೇರಿ 1700 ಮಿಲಿ. ಮೂತ್ರ: ಬೆಳಿಗ್ಗೆ 9ಕ್ಕೆ 160, ಸಂಜೆ 6ಕ್ಕೆ 380, ಎಂಟೂವರೆಗೆ 270, ಮಲಗುವಾಗ 300. ರಾತ್ರಿ 1ಕ್ಕೆ 210, ಮೂರೂವರೆಗೆ 190, ಬೆಳಿಗ್ಗೆ ಎದ್ದಾಗ 240.

ಬರೆದು ನೋಡಿದ ಮೇಲೆ ನನಗೇ ಕಣ್ಣಿಗೆ ಹೊಡೆದದ್ದು ಬೆಳಿಗ್ಗೆ 9ಕ್ಕೂ ಸಂಜೆ 6ಕ್ಕೂ ನಡುವಿನ ಖಾಲಿ ಜಾಗ. ಒಂಬತ್ತು ತಾಸು ನಾನು ಹೋಗಿಯೇ ಇಲ್ಲ. ತರಗತಿಗಳು ನಡೆಯುವ ಕಟ್ಟಡದಲ್ಲಿ ಹುಡುಗಿಯರಿಗಿರುವ ಎರಡು ಶೌಚಾಲಯಗಳಲ್ಲಿ ಒಂದಕ್ಕೆ ಚಿಲಕವಿಲ್ಲ, ಇನ್ನೊಂದರಲ್ಲಿ ನಳಕ್ಕೆ ನೀರು ಬರುವುದಿಲ್ಲ. ಆದ್ದರಿಂದ ನಾವೆಲ್ಲ ನೀರನ್ನೇ ಕಡಿಮೆ ಕುಡಿಯುತ್ತೇವೆ. ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿ ದಾಟಿರುವಾಗ ಸಂಜೆ ಕೋಣೆಗೆ ಬಂದ ಕೂಡಲೇ ಕೊಡದ ಮುಂದೆ ಕುಳಿತು ಕುಡಿಯುತ್ತೇವೆ. ಇದು ನನಗೆ ಅಭ್ಯಾಸವಾಗಿ ಹೋಗಿತ್ತು, ತೊಂದರೆಯೆಂದು ಎಣಿಸಿರಲಿಲ್ಲ. ಅದಕ್ಕೆ ಮೊದಲ ದಿನ ಹೇಳಲೂ ಇಲ್ಲ.

ನಿವೃತ್ತ ವೈದ್ಯೆ, ವಿಜಯಪುರ

ತಂಗಿ, ಬಹಳ ಚೆನ್ನಾಗಿ ಬರೆದಿದ್ದೀರಿ. ಲೆಕ್ಕ ನೋಡೋಣ. ದಿನದ ಒಟ್ಟು ಮೂತ್ರ 1750 ಮಿಲಿ. ಕಿಲೋ ತೂಕಕ್ಕೆ 40 ಮಿಲಿ ದಾಟಿದರೆ ಒಟ್ಟು ಪ್ರಮಾಣವೇ ಹೆಚ್ಚೆನ್ನುತ್ತೇವೆ. ನಿಮ್ಮ ತೂಕ 50 ಕಿಲೋ ಎಂದು ಹಿಡಿದರೂ ಅದು 2000 ಆಗುತ್ತದೆ, ನೀವು ಅದರೊಳಗಿದ್ದೀರಿ. ಸಂಜೆ 380 ಮಿಲಿ ಹಿಡಿದಿಟ್ಟ ಮೂತ್ರಕೋಶ ಚಿಕ್ಕದೂ ಅಲ್ಲ. ಉಳಿಯುವುದು ರಾತ್ರಿಯ ಪಾಲು: 210, 190, 240 ಸೇರಿ 640, ಅಂದರೆ ಒಟ್ಟಿನಲ್ಲಿ ಶೇಕಡಾ 36ಕ್ಕಿಂತ ಹೆಚ್ಚು. ಯುವಜನರಲ್ಲಿ ಇದು ಶೇಕಡಾ 20ರ ಒಳಗಿರಬೇಕು. 65 ದಾಟಿದ ನನ್ನಂಥವರಿಗೆ ಮಾತ್ರ 33ರವರೆಗೆ ವಿನಾಯಿತಿ.

ಹಗಲಿನ ನೀರನ್ನು ನೀವು ರಾತ್ರಿ ಕುಡಿಯುತ್ತಿದ್ದೀರಿ, ಹಗಲು ಹೋಗಬೇಕಾದದ್ದು ರಾತ್ರಿ ಹೋಗುತ್ತಿದೆ. ನಿಮ್ಮ ರಾತ್ರಿಯ ತೊಂದರೆಯ ಬೇರು ಆ ಚಿಲಕವಿಲ್ಲದ ಬಾಗಿಲಿನಲ್ಲಿದೆ ಎಂದು ನಾನು ಖಚಿತವಾಗಿ ಹೇಳುತ್ತೇನೆ. ನಲವತ್ತು ವರ್ಷಗಳಲ್ಲಿ ಉರಿಮೂತ್ರವೆಂದು ಬಂದ ಎಷ್ಟೋ ಶಾಲಾ ಕಾಲೇಜಿನ ಹುಡುಗಿಯರಿಗೆ ಮಾತ್ರೆ ಬರೆದುಕೊಟ್ಟೆ. ಅವರ ಕಾಲೇಜಿಗೆ ಒಂದು ಪತ್ರ ಬರೆಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಒಟ್ಟು ನೀರನ್ನು ಕಡಿಮೆ ಮಾಡಬೇಡಿ, ಹೊತ್ತನ್ನು ಬದಲಿಸಿ. ಸಂಜೆ 5ರೊಳಗೆ ಒಂದೂವರೆ ಲೀಟರ್ ಮುಗಿಸಿ, ಮೂರು ನಾಲ್ಕು ತಾಸಿಗೊಮ್ಮೆ ಮೂತ್ರಕ್ಕೆ ಹೋಗಿ. ಊಟಕ್ಕೆ ಬೇಕಾದಷ್ಟು ಕುಡಿಯಿರಿ, ಮಲಗುವ ಎರಡು ತಾಸು ಮೊದಲು ನಿಲ್ಲಿಸಿ. ದಾಹವಾದರೆ ಎರಡು ಗುಟುಕು ಸಾಕು. ಮಜ್ಜಿಗೆ, ಕಲ್ಲಂಗಡಿ ಎರಡನ್ನೂ ಮಧ್ಯಾಹ್ನಕ್ಕೆ ತಂದುಕೊಳ್ಳಿ. ಕಲ್ಲಂಗಡಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಸಂಜೆಯ ಚಹಾವನ್ನು ಬಿಡುವುದು ಕಷ್ಟವೆಂದು ಗೊತ್ತು. ಆದರೆ ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ಅದು ನಿದ್ದೆಯನ್ನೂ ತೆಳುಮಾಡುತ್ತದೆ, ಮೂತ್ರಕೋಶವನ್ನೂ ಕೆರಳಿಸುತ್ತದೆ. ರಾತ್ರಿ ಓದಲು ಡಬ್ಬಿಯ ಎನರ್ಜಿ ಪಾನೀಯ ಕುಡಿಯುವ ಹುಡುಗರೂ ಇದನ್ನು ಓದಲಿ: 250 ಮಿಲಿಯ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಕಪ್ ಚಹಾದಷ್ಟು. ಮದ್ಯವಂತೂ ವ್ಯಾಸೊಪ್ರೆಸ್ಸಿನ್ ಹಾರ್ಮೋನನ್ನೇ ತಡೆಯುತ್ತದೆ.

ಎಚ್ಚರವಾದಾಗ ಒತ್ತಡ ನಿಜವಾಗಿ ಇದೆಯೇ ಎಂದು ಒಂದು ನಿಮಿಷ ಗಮನಿಸಿ. ಇಲ್ಲದಿದ್ದರೆ ಮಗ್ಗುಲು ಬದಲಿಸಿ ಮಲಗಿ. ಮಲಬದ್ಧತೆ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಪರೀಕ್ಷೆಯ ಭಯದಿಂದಲೇ ನಿದ್ದೆ ಒಡೆಯುತ್ತಿದ್ದರೆ ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಾಸ್ಟೆಲ್ ಮೇಲ್ವಿಚಾರಕಿ, ಬಾಗಲಕೋಟೆ ಜಿಲ್ಲೆ

ಓದುತ್ತಾ ನನಗೆ ನನ್ನ ಹಾಸ್ಟೆಲಿನ ಕಾರಿಡಾರು ಕಣ್ಣ ಮುಂದೆ ಬಂತು. ನಿನ್ನೆ ರಾತ್ರಿ 2 ಗಂಟೆಗೆ ಎದ್ದು, ದೀಪ ಹಚ್ಚದೆ, ಹುಡುಗಿಯರು ನಡೆಯುವ ದಾರಿಯಲ್ಲಿ ನಾನೇ ನಡೆದು ನೋಡಿದೆ. ಮೂರನೆಯ ಮೆಟ್ಟಿಲಿನ ಅಂಚು ಒಡೆದಿದೆ, ಶೌಚಾಲಯದ ದೀಪದ ಗುಂಡಿ ಒಳಗಡೆ ಇದೆ, ಅಂದರೆ ಕತ್ತಲೆಯಲ್ಲಿ ಕೈ ತಡಕಾಡಿಯೇ ಒಳಹೊಗಬೇಕು. ಹಗಲಿನಲ್ಲಿ ಇದಾವುದೂ ನನಗೆ ಕಂಡಿರಲಿಲ್ಲ. ಇಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಗುಂಡಿಯನ್ನು ಹೊರಗೆ ತಂದು, ಕಣ್ಣಿಗೆ ಚುಚ್ಚದ ಸಣ್ಣ ಹಳದಿ ದೀಪ ಹಾಕಿ ಹೋದ. ಖರ್ಚು 340 ರೂಪಾಯಿ. ಮೆಟ್ಟಿಲಿಗೆ ಗೌಂಡಿಯವರು ಸೋಮವಾರ ಬರುತ್ತಾರೆ. ಇತರ ಮೇಲ್ವಿಚಾರಕರು ಒಂದು ರಾತ್ರಿ ಹೀಗೆ ನಡೆದು ನೋಡಬೇಕೆಂದು ಕೈಮುಗಿದು ಕೇಳುತ್ತೇನೆ.

ಬಿಳಿಜೋಳ, ವಿಜಯಪುರ (ಇನ್ನೂ ಮೂರು ವಾರಗಳ ನಂತರ)

ಎಲ್ಲರಿಗೂ ಋಣಿ. ಎಂಟು ಜನ ಸಹಿ ಮಾಡಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟೆವು. ಡಾಕ್ಟರಮ್ಮನವರ ಲೆಕ್ಕವನ್ನೂ ನನ್ನ ಹಾಳೆಯನ್ನೂ ಅದಕ್ಕೆ ಲಗತ್ತಿಸುವಾಗ ಕೈ ನಡುಗಿತು, ಆದರೆ ಅವರು ಓದಿ ಒಂದು ಮಾತೂ ಕೊಂಕು ಆಡಲಿಲ್ಲ. ನಾಲ್ಕನೆಯ ದಿನ ಚಿಲಕ ಬಂತು. ನಳದ ನೀರು ಇನ್ನೂ ಬಂದಿಲ್ಲ, ಸದ್ಯಕ್ಕೆ ಒಂದು ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಮಧ್ಯಾಹ್ನ 2ರ ಹೊತ್ತಿಗೆ ಅದು ಖಾಲಿಯಾಗುತ್ತದೆ.

ಮೊನ್ನೆ ಮತ್ತೆ ಅಳೆದೆ. ಒಟ್ಟು 1700 ಮಿಲಿ, ರಾತ್ರಿಯ ಪಾಲು ಬೆಳಗಿನ ಒಂದೇ ಸಲದ 330. ಹತ್ತು ರಾತ್ರಿಗಳಲ್ಲಿ ಆರು ರಾತ್ರಿ ಒಮ್ಮೆಯೂ ಎದ್ದಿಲ್ಲ, ಮೂರು ರಾತ್ರಿ ನಾಲ್ಕೂವರೆಯ ಸುಮಾರಿಗೆ ಒಮ್ಮೆ. ಉಳಿದ ಒಂದು ದಿನ ಗೆಳತಿಯ ಅಣ್ಣನ ಮದುವೆಯ ಊಟ ಮಾಡಿ, ರಾತ್ರಿ ಹತ್ತರವರೆಗೆ ಚಹಾ ಕುಡಿದು ಎರಡು ಸಲ ಎದ್ದೆ. ಮಧ್ಯಾಹ್ನದ ತರಗತಿಗಳಿರುವ ದಿನಗಳಲ್ಲಿ ಡ್ರಮ್ಮು ಖಾಲಿಯಾಗುವ ಕಾರಣ ಈಗಲೂ ನೀರು ಕುಡಿಯಲು ಹಿಂಜರಿಯುತ್ತೇನೆ, ಎಚ್ಚರವಾದ ರಾತ್ರಿಗಳು ಹೆಚ್ಚಾಗಿ ಆ ದಿನಗಳವೇ.

ಓದಿನ ಬಗ್ಗೆ ಮೇಷ್ಟ್ರು ಕೇಳಬಹುದು. ಅಂಕಗಳು ಇನ್ನೂ ಬಂದಿಲ್ಲ. ಬೆಳಗಿನ ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಸಂಜೆ ತೆರೆದರೆ ಅಕ್ಷರ ನೆಟ್ಟಗಿವೆ. ಎರಡು ತಿಂಗಳ ಹಿಂದಿನ ಪುಟಗಳಲ್ಲಿ ಸಾಲು ಅರ್ಧಕ್ಕೆ ಜಾರಿಹೋಗಿದ್ದವು. ಅರ್ಜಿಯ ನಕಲನ್ನು ರೊಟ್ಟಿಬುತ್ತಿ ತಂಗಿ ಕೇಳಿದ್ದಾಳೆ, ಅವರ ಪಿಜಿಯ ಹಿತ್ತಲಿನ ದೀಪಕ್ಕಾಗಿ. ಇಂದು ರಾತ್ರಿ ಬರೆದು ಕಳುಹಿಸುತ್ತೇನೆ.